ಸಮುದ್ರ ನೀರಿನ ಹೊಸ ಅಕ್ವೇರಿಯಂ: ಮೀನು ಬಿಡುವ ಮುನ್ನ ನೀರನ್ನು ಸಿದ್ಧಪಡಿಸುವ ವಿಧಾನ

(ವೈಟ್‌ಫೀಲ್ಡ್ ಹಾಗೂ ಸುತ್ತಮುತ್ತಲಿನ ಪ್ರದೇಶಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಹೊಸ ತೊಟ್ಟಿಗೆ ಉಪ್ಪು ನೀರು ತುಂಬಿದ ಮರುದಿನವೇ ಮೀನು ಬಿಟ್ಟಲ್ಲಿ ಅವು ಕೆಲವೇ ದಿನಗಳಲ್ಲಿ ಸಾಯುವ ಸಂಭವ ಹೆಚ್ಚು. ಮೀನಿನ ವಿಸರ್ಜನೆ ಹಾಗೂ ಉಳಿದ ಆಹಾರದಿಂದ ಉಂಟಾಗುವ ಅಮೋನಿಯಾವನ್ನು ನಿವಾರಿಸುವ ಸೂಕ್ಷ್ಮಜೀವಿಗಳು ಆಗ ತೊಟ್ಟಿಯಲ್ಲಿ ಇನ್ನೂ ಬೆಳೆದಿರುವುದಿಲ್ಲ. ಇವುಗಳನ್ನು ಬೆಳೆಸುವ ಕ್ರಮಕ್ಕೆ 'ಸೈಕ್ಲಿಂಗ್' ಎಂದು ಹೆಸರು. ಇದಕ್ಕೆ ಸಾಮಾನ್ಯವಾಗಿ 4 ರಿಂದ 6 ವಾರಗಳು ಬೇಕಾಗುತ್ತವೆ.

1. ನೀರಿನ ಮೂಲ

ಅ) ಕೊಳವೆ ಬಾವಿ ಮತ್ತು ಟ್ಯಾಂಕರ್ ನೀರು: ಈ ಭಾಗದ ಅನೇಕ ಕೊಳವೆ ಬಾವಿಗಳ ನೀರು ಗಡಸಾಗಿದ್ದು, ಕೆಲವೆಡೆ ನೈಟ್ರೇಟ್ ಅಂಶವನ್ನೂ ಹೊಂದಿರುತ್ತದೆ. ಆದುದರಿಂದ ನೇರ ಬಳಕೆಗೆ ಸೂಕ್ತವಲ್ಲ.

ಆ) ಕಾವೇರಿ ನೀರು: ಕಾವೇರಿ 5ನೇ ಹಂತದ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿರುತ್ತದೆ. ನಲ್ಲಿ ನೀರಿನಲ್ಲಿ ಬೆರೆತಿರುವ ಕ್ಲೋರಿನ್ ಉಪಯುಕ್ತ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದರಿಂದ ಅದನ್ನು ಮೊದಲು ತೆಗೆಯತಕ್ಕದ್ದು.

ಇ) ಸಾಫ್ಟನರ್ ನೀರು: ಅಪಾರ್ಟ್‌ಮೆಂಟ್‌ಗಳ ಸಾಫ್ಟನರ್ ಗಡಸುತನವನ್ನು ಸೋಡಿಯಂ ಆಗಿ ಬದಲಿಸುತ್ತದೆಯೇ ಹೊರತು ಕರಗಿದ ಲವಣಗಳನ್ನು ತೆಗೆಯುವುದಿಲ್ಲ.

ಈ) ಆರ್.ಓ. ನೀರು: ಇದು ಸೂಕ್ತವಾದುದು. ಆದರೆ ಮನೆಬಳಕೆಯ ಕೆಲವು ಯಂತ್ರಗಳು ರುಚಿಗಾಗಿ ಖನಿಜಗಳನ್ನು ಮರಳಿ ಸೇರಿಸುತ್ತವೆ. ಟಿ.ಡಿ.ಎಸ್. ಮಾಪಕದಿಂದ ಪರೀಕ್ಷಿಸಿ, ಸಾಧ್ಯವಾದಷ್ಟು ಸೊನ್ನೆಗೆ ಹತ್ತಿರವಿರುವ ನೀರನ್ನೇ ಬಳಸುವುದು.

2. ಉಪ್ಪು ಬೆರೆಸುವುದು

ಅಡುಗೆ ಉಪ್ಪನ್ನು ಬಳಸಬಾರದು. ಅಕ್ವೇರಿಯಂಗಾಗಿ ತಯಾರಿಸಿದ ಸಮುದ್ರ ಲವಣವನ್ನು ಲೀಟರಿಗೆ ಸುಮಾರು 35 ರಿಂದ 38 ಗ್ರಾಂನಂತೆ ಪ್ರತ್ಯೇಕ ಡ್ರಮ್ಮಿನಲ್ಲಿ ಬೆರೆಸಿ, ಒಂದು ದಿನ ಗಾಳಿ ಆಡಿಸತಕ್ಕದ್ದು. ಇರಬೇಕಾದ ಅಳತೆಗಳು ಈ ಕೆಳಕಂಡಂತಿವೆ:

- ಲವಣಾಂಶ: ಸಾವಿರಕ್ಕೆ 35 (ಸಾಪೇಕ್ಷ ಸಾಂದ್ರತೆ ಸುಮಾರು 1.026)
- ಉಷ್ಣತೆ: 25 ರಿಂದ 27 ಡಿಗ್ರಿ ಸೆಲ್ಸಿಯಸ್
- ಪಿ.ಹೆಚ್.: 8.0 ರಿಂದ 8.4
- ಕ್ಷಾರೀಯತೆ: ಲೀಟರಿಗೆ 125 ರಿಂದ 200 ಮಿ.ಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ)

ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. 100 ಲೀಟರ್ ತೊಟ್ಟಿಯಲ್ಲಿ 5 ಲೀಟರ್ ಆವಿಯಾದರೆ ಲವಣಾಂಶವು 35ರಿಂದ ಸುಮಾರು 36.8ಕ್ಕೆ ಏರುತ್ತದೆ. ಆದ್ದರಿಂದ ಆವಿಯಾದಷ್ಟು ನೀರಿನ ಬದಲಿಗೆ ಸಿಹಿ ಆರ್.ಓ. ನೀರನ್ನೇ ಹಾಕತಕ್ಕದ್ದು, ಉಪ್ಪು ನೀರನ್ನಲ್ಲ.

3. ಸೈಕ್ಲಿಂಗ್ ನಡೆಯುವ ಬಗೆ

ಕಲ್ಲು, ಮರಳು ಹಾಗೂ ಫಿಲ್ಟರಿನ ಮೇಲ್ಮೈಯಲ್ಲಿ ನೆಲೆಸುವ ಒಂದು ಗುಂಪಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಎರಡನೆಯ ಗುಂಪು ನಿಧಾನವಾಗಿ ಬೆಳೆಯುವುದರಿಂದ ಮೊದಲು ಅಮೋನಿಯಾ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಸಮುದ್ರ ನೀರಿನ ಪಿ.ಹೆಚ್. ಹೆಚ್ಚಿರುವುದರಿಂದ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚಾಗುತ್ತದೆ. ಮೀನನ್ನೇ ಬಿಟ್ಟು ಸೈಕ್ಲಿಂಗ್ ಮಾಡುವ ರೂಢಿಯನ್ನು ಈ ಕಾರಣದಿಂದ ಕೈಬಿಡುವುದು ಉತ್ತಮ.

4. ಅನುಸರಿಸಬೇಕಾದ ಕ್ರಮ

1) ಸುವಾಸನೆ ಅಥವಾ ಸಾಬೂನಿನ ಅಂಶವಿಲ್ಲದ ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಲೀಟರಿಗೆ 2 ಮಿ.ಗ್ರಾಂ ಅಮೋನಿಯಾ ಆಗುವಂತೆ ಸೇರಿಸುವುದು. 5 ಮಿ.ಗ್ರಾಂ ಮೀರಿದಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆಯೇ ಕುಂಠಿತವಾಗಬಹುದು.
2) ಎರಡು ದಿನಕ್ಕೊಮ್ಮೆ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ ಬರೆದಿಡುವುದು. ನೈಟ್ರೈಟ್ ಹೆಚ್ಚಿರುವಾಗ ನೈಟ್ರೇಟ್ ಕಿಟ್ ತಪ್ಪು ಫಲಿತಾಂಶ ನೀಡಬಹುದು.
3) ಅಮೋನಿಯಾ ಸೊನ್ನೆಗಿಳಿದಾಗ ಮಾತ್ರ ಮತ್ತೆ ಸೇರಿಸುವುದು.
4) ವಾರಕ್ಕೊಮ್ಮೆ ಕ್ಷಾರೀಯತೆ ಪರೀಕ್ಷಿಸುವುದು. ಅಮೋನಿಯಾ ರೂಪದ 1 ಮಿ.ಗ್ರಾಂ ಸಾರಜನಕವು ಪರಿವರ್ತನೆಗೊಳ್ಳುವಾಗ ಸುಮಾರು 7 ಮಿ.ಗ್ರಾಂ ಕ್ಷಾರೀಯತೆ ವ್ಯಯವಾಗುತ್ತದೆ. ಪಿ.ಹೆಚ್. ಕುಸಿದು ಸೈಕ್ಲಿಂಗ್ ನಿಂತುಹೋದಂತೆ ಕಂಡರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಸೇರಿಸುವುದು.
5) ಈ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಅಗತ್ಯ. ವಿದ್ಯುತ್ ಕಡಿತದ ವೇಳೆ ಬಳಸಲು ಬ್ಯಾಟರಿ ಚಾಲಿತ ಗಾಳಿ ಪಂಪನ್ನು ಇಟ್ಟುಕೊಳ್ಳುವುದು.

5. ಪೂರ್ಣಗೊಂಡ ಬಗ್ಗೆ ಖಚಿತಪಡಿಸಿಕೊಳ್ಳುವುದು

2 ಮಿ.ಗ್ರಾಂ ಅಮೋನಿಯಾ ಸೇರಿಸಿದ 24 ಗಂಟೆಯೊಳಗೆ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾದಲ್ಲಿ ತೊಟ್ಟಿ ಸಿದ್ಧವಾಗಿದೆಯೆಂದು ತಿಳಿಯಬಹುದು. ನಂತರ ನೀರನ್ನು ಭಾಗಶಃ ಬದಲಿಸಿ ನೈಟ್ರೇಟನ್ನು ಲೀಟರಿಗೆ 20 ಮಿ.ಗ್ರಾಂಗಿಂತ ಕಡಿಮೆ ಮಾಡಿ, ಒಂದೆರಡು ಮೀನುಗಳನ್ನು ಮಾತ್ರ ಬಿಡುವುದು. ಉಳಿದವನ್ನು ಕೆಲವು ವಾರಗಳ ಅಂತರದಲ್ಲಿ ಸೇರಿಸುವುದು.

6. ಕಾನೂನು ಹಾಗೂ ಪರಿಸರ

- ಶಿಲಾ ಹವಳಗಳು ಮತ್ತು ಸಮುದ್ರ ಕುದುರೆಗಳು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಡಿ ಸಂರಕ್ಷಿತವಾಗಿವೆ. ಸಮುದ್ರದಿಂದ ತೆಗೆದ ಹವಳದ ಕಲ್ಲಿನ ಬದಲಿಗೆ ಕೃತಕ ಅಥವಾ ಸಿರಾಮಿಕ್ ಕಲ್ಲುಗಳನ್ನು ಬಳಸತಕ್ಕದ್ದು.
- ಕ್ಲೌನ್ ಮೀನನ್ನು ಮೊಟ್ಟೆಯಿಂದ ಬೆಳೆಸುವ ತಂತ್ರಜ್ಞಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿರುತ್ತದೆ. ಖರೀದಿಸುವಾಗ ಮರಿ ಉತ್ಪಾದನಾ ಕೇಂದ್ರದ ಮೀನುಗಳಿಗೆ ಆದ್ಯತೆ ನೀಡುವುದು.
- ಬದಲಿಸಿದ ಉಪ್ಪು ನೀರನ್ನು ಗಿಡಗಳಿಗಾಗಲಿ, ವರ್ತೂರು ಮೊದಲಾದ ಕೆರೆಗಳನ್ನು ಸೇರುವ ಮಳೆನೀರು ಕಾಲುವೆಗಾಗಲಿ ಬಿಡಬಾರದು. ಒಳಚರಂಡಿಗೆ ಅಲ್ಪ ಪ್ರಮಾಣದಲ್ಲಿ ಬಿಡುವುದು. ಸಂಸ್ಕರಿಸಿದ ನೀರನ್ನು ಉದ್ಯಾನಕ್ಕೆ ಬಳಸುವ ಅಪಾರ್ಟ್‌ಮೆಂಟ್‌ಗಳಲ್ಲಿ ನಿರ್ವಹಣಾ ಸಮಿತಿಗೆ ಮೊದಲೇ ತಿಳಿಸುವುದು ಸೂಕ್ತ.

ಸೂಚನೆ: ತೊಟ್ಟಿಯನ್ನು ಕೊಳ್ಳುವಾಗಲೇ ಪರೀಕ್ಷಾ ಕಿಟ್ ಮತ್ತು ಲವಣಾಂಶ ಮಾಪಕವನ್ನೂ ಕೊಳ್ಳತಕ್ಕದ್ದು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಅದು ಮೀನಿಗೆ ಯೋಗ್ಯವೆಂದು ಭಾವಿಸಬಾರದು. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.