ನಗರ ಬಡತನ: ಅಧ್ಯಯನ ಮತ್ತು ನೀತಿ (ಕರ್ನಾಟಕ)

ಪಟ್ಟಣದ ಬಡವರ ಬದುಕನ್ನು ಮನೆಮನೆಗೆ ಹೋಗಿ ಅಳೆಯುವ ಪದ್ಧತಿ ಚಾರ್ಲ್ಸ್ ಬೂತ್ 1886ರಲ್ಲಿ ಲಂಡನ್ನಿನಲ್ಲಿ ಕೈಗೊಂಡ ಸಮೀಕ್ಷೆಯಿಂದ ಹೆಸರಾಯಿತು. ಉತ್ತರ ಕರ್ನಾಟಕಕ್ಕೆ ಅದನ್ನು ಹತ್ತಿರ ತಂದದ್ದು ಪುಣೆ. ಅಲ್ಲಿ 1930ರಲ್ಲಿ ಸ್ಥಾಪನೆಯಾದ ಗೋಖಲೆ ಸಂಸ್ಥೆಯಲ್ಲಿ ಡಿ.ಆರ್. ಗಾಡಗೀಳರು ಪುಣೆ, ಸೊಲ್ಲಾಪುರಗಳ ಸಾಮಾಜಿಕ-ಆರ್ಥಿಕ ಅಧ್ಯಯನ ನಡೆಸಿದರು. ಸ್ವಾತಂತ್ರ್ಯಾನಂತರ ಯೋಜನಾ ಆಯೋಗದ ನೆರವಿನಿಂದ ಸಮೀಕ್ಷೆಗೊಳಗಾದ ನಗರಗಳಲ್ಲಿ ಹುಬ್ಬಳ್ಳಿಯೂ ಇತ್ತು. ಆ ನಗರದ ಆರ್ಥಿಕ ಜೀವನ ಕುರಿತ ಗ್ರಂಥವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1959ರಲ್ಲಿ ಪ್ರಕಟಿಸಿತು. ಈ ಪರಂಪರೆ ದುಡಿಮೆ, ಗಳಿಕೆ, ವಲಸೆ, ವಸತಿಗಳನ್ನು ಒಟ್ಟಿಗೆ ನೋಡಿತು. ಊರನ್ನು ಇಡಿಯಾಗಿ ಅಳೆಯಿತು. ಮುಂದೆ ಸರಕಾರದ ನೀತಿ ಹಿಡಿದ ದಾರಿ ಬೇರೆ. 1973ರ ಕೊಳಚೆ ಪ್ರದೇಶಗಳ ಕಾಯ್ದೆ, ಅದರಡಿ 1975ರಲ್ಲಿ ರಚನೆಯಾದ ಮಂಡಳಿ ಇವೆರಡೂ ಬಡತನವನ್ನು ಘೋಷಿತ ಕೊಳಗೇರಿಯ ಗಡಿಯೊಳಗೆ ಹುಡುಕಿದವು. ಮಂಡಳಿ ಕಟ್ಟಿಸಿದ ಮನೆ, ತಂದ ನೀರು, ಚರಂಡಿ ಸಣ್ಣ ಸಾಧನೆಯಲ್ಲ. ಆದರೆ ಊರಿನ ಲೆಕ್ಕ ಹೋಗಿ ಕೇರಿಯ ಲೆಕ್ಕ ಉಳಿದದ್ದರಿಂದ ಸಣ್ಣ ಪಟ್ಟಣಗಳ ಬಡವರು ಕಣ್ಮರೆಯಾದರು.

ಇದಕ್ಕೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. 1887ರಲ್ಲಿ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಶುರುವಾದಂದಿನಿಂದ ಇಲ್ಲಿ ಕೂಲಿಕಾರರ ವಸತಿಯಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿದಾಗ ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು. ಇಲ್ಲಿನ ಬಡವರೆಲ್ಲ ಲೆಕ್ಕಕ್ಕೆ ಬಂದಿರಲಿಲ್ಲ: 2011ರ ಜನಗಣತಿ ಒಂದು ಜಾಗವನ್ನು ಕೊಳಗೇರಿಯೆಂದು ಗುರುತಿಸಬೇಕಾದರೆ ಅಲ್ಲಿ ಕನಿಷ್ಠ 300 ಜನ, ಅಂದರೆ ಸುಮಾರು 60–70 ಮನೆ ಒತ್ತೊತ್ತಾಗಿರಬೇಕಿತ್ತು. ಹಳ್ಳದ ದಂಡೆಗೆ ಹತ್ತು, ಸಂತೆಯ ಹಿಂದೆ ಹದಿನೈದು ಎಂದು ಚದುರಿದ ಮನೆಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಎರಡನೆಯ ಪೆಟ್ಟು ಇದಕ್ಕಿಂತ ಗಟ್ಟಿ. 2005ರ ಉದ್ಯೋಗ ಖಾತರಿ ಕಾಯ್ದೆ 100 ದಿನದ ಕೆಲಸದ ಹಕ್ಕು ಕೊಟ್ಟದ್ದು ಗ್ರಾಮೀಣ ಕುಟುಂಬಗಳಿಗೆ ಮಾತ್ರ. ಮೂಡಲಗಿಯ ಸುತ್ತ ಕಲ್ಲೋಳಿ, ನಾಗನೂರ ಪಟ್ಟಣ ಪಂಚಾಯತಿಗಳಾಗಿವೆ. ಊರಿನ ದರ್ಜೆ ಏರಿದರೆ ಕಬ್ಬು ಕಡಿಯುವ ಕೈ ಬದಲಾಗುವುದಿಲ್ಲ, ಹಕ್ಕು ಮಾತ್ರ ಹೋಗುತ್ತದೆ. ಕುಲಗೋಡದಂಥ ದೊಡ್ಡ ಊರುಗಳು ನಾಳೆ ಎದುರಿಸಬಹುದಾದ ಪ್ರಶ್ನೆಯೂ ಇದೇ.

ಹಣ ಕಡಿಮೆ, ಬಡವರು ಹೆಚ್ಚಿರುವ ಬೆಂಗಳೂರಿನಂಥ ಕಡೆಗೇ ಮೊದಲು ಖರ್ಚಾಗಲಿ ಎಂಬ ವಾದವಿದೆ. 2005ರ ನೆಹರೂ ನಗರ ನವೀಕರಣ ಯೋಜನೆಯ ಮುಖ್ಯ ಪಟ್ಟಿಗೆ ರಾಜ್ಯದಿಂದ ಬೆಂಗಳೂರು, ಮೈಸೂರು ಮಾತ್ರ ಸೇರಿದ್ದವು. ಒಟ್ಟು ಸಂಖ್ಯೆಯ ಮಟ್ಟಿಗೆ ಈ ವಾದ ನಿಲ್ಲುತ್ತದೆ, ಪ್ರಮಾಣದ ಮಟ್ಟಿಗೆ ನಿಲ್ಲದು: ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳನ್ನು ಆಧರಿಸಿದ ಅಧ್ಯಯನಗಳು ಮಹಾನಗರಗಳಿಗಿಂತ ಸಣ್ಣ ಪಟ್ಟಣಗಳಲ್ಲೇ ಬಡವರ ಶೇಕಡಾವಾರು ಪ್ರಮಾಣ ಹೆಚ್ಚೆಂದು ಮತ್ತೆಮತ್ತೆ ತೋರಿಸಿವೆ. ಸಣ್ಣ ಊರಿನ ಬಡತನ ಹಳ್ಳಿಯ ಬಡತನವೇ ಅಲ್ಲವೇ ಎಂದೂ ಕೇಳುತ್ತಾರೆ. ಹೌದೆನ್ನುವುದಾದರೆ ಹಳ್ಳಿಯ ಹಕ್ಕನ್ನು ಕಸಿದುಕೊಳ್ಳಲು ಕಾರಣವೇ ಉಳಿಯುವುದಿಲ್ಲ.

ಇಂಥ ಊರುಗಳನ್ನು ಮತ್ತೆ ಇಡಿಯಾಗಿ ಅಳೆಯಲು ಸಂಶೋಧನಾ ನೆಲೆಗಳಿವೆ. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆ ನೀತಿಗೆ ನೆರವಾಗುವ ಸಂಶೋಧನೆಗೆ ನೆಲೆಯಾಯಿತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾಯಿತು. ಹುಬ್ಬಳ್ಳಿಗೆ ಧಾರವಾಡ ಮಾಡಿದ ಕೆಲಸವನ್ನು ಘಟಪ್ರಭೆಯ ದಂಡೆಯ ಪಟ್ಟಣಗಳಿಗೆ ಈ ವಿಶ್ವವಿದ್ಯಾಲಯ ಮಾಡಬೇಕು. ಯಾವುದೇ ಗ್ರಾಮ ಪಂಚಾಯತಿಯ ದರ್ಜೆ ಏರಿಸುವ ಮೊದಲು ಅಲ್ಲಿನ ಕೂಲಿ ಕುಟುಂಬಗಳ ಸಮೀಕ್ಷೆ ನಡೆಯಲೇಬೇಕೆಂದು ಸರಕಾರ ನಿಯಮ ಮಾಡಬೇಕು.