ಕಾರವಾರದ ಕೊಲ್ಲಿ: ಭೂಗೋಳ ಮತ್ತು ಇತಿಹಾಸ

ಬಂದರಿನ ಭಾಗ್ಯವನ್ನು ನಿರ್ಣಯಿಸುವುದು ಅದರ ಮುಂದಿನ ಸಮುದ್ರವೋ ಹಿಂದಿನ ನೆಲವೋ ಎಂಬ ಪ್ರಶ್ನೆಗೆ ಕಾರವಾರದ ಕೊಲ್ಲಿಯ ಚರಿತ್ರೆ ಸ್ಪಷ್ಟವಾದ ಉತ್ತರವನ್ನೀಯುತ್ತದೆ.

ಈ ಕೊಲ್ಲಿಯ ಉತ್ತರಕ್ಕೆ ಕಾಳೀನದಿಯ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ; ದಕ್ಷಿಣಕ್ಕೆ ಸಮುದ್ರದೊಳಕ್ಕೆ ಚಾಚಿದ ಭೂಶಿರ. ನೈಋತ್ಯ ಮಾರುತದ ಹೊಡೆತವನ್ನು ಈ ಭೂಶಿರವು ತಡೆಯುವುದರಿಂದ ಅದರ ಮರೆಯ ಬೈತಖೋಲದಲ್ಲಿ ಹಡಗುಗಳಿಗೆ ಆಶ್ರಯ ದೊರೆಯುತ್ತದೆ. ಪಶ್ಚಿಮಕ್ಕೆ ಕೂರ್ಮಗಡ, ದೇವಗಡ ದ್ವೀಪಗಳು. ಭೂಶಿರದ ದಕ್ಷಿಣಕ್ಕೆ ಅಂಜದೀವ. ಪೂರ್ವದಲ್ಲಿ ಮಾತ್ರ ಸಹ್ಯಾದ್ರಿಯ ಶ್ರೇಣಿಯು ಕರಾವಳಿಯನ್ನು ಒತ್ತಿ ನಿಂತಿದೆ. ಪ್ರಕೃತಿಯು ಕಡಲ ಕಡೆ ತೆರೆದ ಬಾಗಿಲನ್ನು ನೆಲದ ಕಡೆ ಅರ್ಧ ಮುಚ್ಚಿತು.

1498ರಲ್ಲಿ ವಾಸ್ಕೋ ಡ ಗಾಮನು ಅಂಜದೀವದಲ್ಲಿ ತಂಗಿದನು. 1505ರಲ್ಲಿ ಅಲ್ಮೇಡನು ಅಲ್ಲಿ ಕೋಟೆ ಕಟ್ಟಿಸಿದನು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿಯನ್ನು ತೆರೆದರು. ಅವರು ಕೊಳ್ಳುತ್ತಿದ್ದುದು ಸೋದೆ ಸೀಮೆಯ ಮೆಣಸು ಮತ್ತು ಘಟ್ಟದ ಮೇಲಿನ ನಯವಾದ ಬಟ್ಟೆ. ಇವು ತೂಕ ಕಡಿಮೆ, ಬೆಲೆ ಹೆಚ್ಚು, ಹೇರೆತ್ತುಗಳೇ ಸಾಕಾಗುತ್ತಿದ್ದವು. ಆದುದರಿಂದ ಘಟ್ಟವು ಅಂದಿನ ವ್ಯಾಪಾರಕ್ಕೆ ಅಡ್ಡಿಯಾಗಲಿಲ್ಲ.

ಹತ್ತಿಯ ಮಾತು ಬೇರೆ. ಅಮೆರಿಕದ ಅಂತರ್ಯುದ್ಧದಿಂದ (1861–65) ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ದುರ್ಲಭವಾದಾಗ ಧಾರವಾಡದ ಹತ್ತಿಗೆ ಸಮೀಪದ ಬಂದರೆಂದು ಕಾರವಾರವು ಎಲ್ಲರ ಕಣ್ಣಿಗೆ ಬಿತ್ತು. ಈ ಬಂದರಿಗಾಗಿಯೇ 1862ರಲ್ಲಿ ಕನ್ನಡ ಜಿಲ್ಲೆಯ ಉತ್ತರಭಾಗವನ್ನು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. ಘಟ್ಟದಲ್ಲಿ ರಸ್ತೆಗಳಾದವು, ರೈಲು ಬರಲಿಲ್ಲ. 1888ರ ವೇಳೆಗೆ ಗೋವೆಯ ಮರ್ಮಗೋವೆಗೆ ರೈಲುಮಾರ್ಗವು ಪೂರ್ತಿಯಾದೊಡನೆ ಸರಕು ಆ ಕಡೆ ಹರಿಯಿತು. ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುವ ಕಿರಿದಾದ ಕವಲುದಾರಿಯು ಗಣಿಯ ಉದ್ಯಮಕ್ಕೆ ಎಷ್ಟು ಆಧಾರವಾಯಿತೆಂಬುದನ್ನು ಬಲ್ಲ ನಮಗೆ ಕಾರವಾರದ ಕೊರತೆಯನ್ನು ಅಳೆಯುವುದು ಕಷ್ಟವಲ್ಲ.

ನಿರೀಕ್ಷಿಸಿದ ಬಂದರು ಬೆಳೆಯಲಿಲ್ಲ. ಅದಕ್ಕಾಗಿ ಎಳೆದ ಗಡಿ ಮಾತ್ರ ಉಳಿಯಿತು. ಉತ್ತರ ಮತ್ತು ದಕ್ಷಿಣ ಕನ್ನಡದ ಜನರು 94 ವರ್ಷ ಎರಡು ಆಡಳಿತಗಳಲ್ಲಿ ಬಾಳಿ, 1956ರ ನವೆಂಬರ್ 1ರಂದು ಮತ್ತೆ ಒಂದೇ ರಾಜ್ಯಕ್ಕೆ ಸೇರಿದರು. 1990ರ ದಶಕದಲ್ಲಿ ಬಂದ ಕೊಂಕಣ ರೈಲ್ವೆಯೂ ಕರಾವಳಿಯ ಉದ್ದಕ್ಕೆ ಹೋಗುತ್ತದೆಯೇ ಹೊರತು ಘಟ್ಟವನ್ನೇರಿ ಧಾರವಾಡದ ಬಯಲನ್ನು ಮುಟ್ಟುವುದಿಲ್ಲ.

ನೆಲದ ಹಂಗಿಲ್ಲದ ಉದ್ದೇಶಕ್ಕೆ ಮಾತ್ರ ಈ ತೀರವು ಪೂರ್ಣವಾಗಿ ಒದಗಿತು. 2005ರಲ್ಲಿ ಭೂಶಿರದ ದಕ್ಷಿಣದಲ್ಲಿ 'ಕದಂಬ' ನೌಕಾನೆಲೆಯು ಸಿದ್ಧವಾಯಿತು. ಅದಕ್ಕಾಗಿ ಅರಗ, ಬಿಣಗ ಮೊದಲಾದ ಗ್ರಾಮಗಳ ಕುಟುಂಬಗಳು ತಮ್ಮ ನೆಲೆಗಳನ್ನು ಬಿಡಬೇಕಾಯಿತು. ಕೊಲ್ಲಿಯ ಗುಣಗಳನ್ನು ವರ್ಣಿಸುವ ಚರಿತ್ರಕಾರನು ಅವಕ್ಕೆ ತೀರದ ಜನರು ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಮ್ಮ ಅಭಿಪ್ರಾಯ.