ಕ್ರಿಮಿನಲ್ ತೀರ್ಪುಗಳಲ್ಲಿ ಕಾರಣ ನಿರೂಪಣೆ

ಆರೋಪ ಸಾಬೀತಾಯಿತೇ ಇಲ್ಲವೇ, ಸಾಬೀತಾಗಿದ್ದರೆ ಶಿಕ್ಷೆ ಎಷ್ಟು ಎಂಬ ನಿರ್ಣಯಕ್ಕೆ ನ್ಯಾಯಾಧೀಶರು ತೀರ್ಪಿನಲ್ಲಿ ಬರೆದು ಕೊಡುವ ಸಮರ್ಥನೆ. ಭಾರತದಲ್ಲಿ ಇದು ಶಾಸನ ವಿಧಿಸಿದ ಕರ್ತವ್ಯ. ನಿರ್ಧರಿಸಬೇಕಾದ ಅಂಶಗಳು, ಅವುಗಳ ಮೇಲಿನ ನಿರ್ಣಯ, ನಿರ್ಣಯದ ಕಾರಣ ಈ ಮೂರೂ ತೀರ್ಪಿನಲ್ಲಿರಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 354ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 393ನೆಯ ಕಲಮೂ ಅದನ್ನೇ ಹೇಳುತ್ತದೆ. ಕರ್ನಾಟಕದ ವಿಚಾರಣಾ ನ್ಯಾಯಾಲಯಗಳ ತೀರ್ಪಿನಲ್ಲಿ ಅಂಶಗಳ ಪಟ್ಟಿ, ಎದುರಿಗೆ ‘ಸಕಾರಾತ್ಮಕ’ ಅಥವಾ ‘ನಕಾರಾತ್ಮಕ’ ಎಂಬ ಉತ್ತರ, ಕೆಳಗೆ ‘ಕಾರಣಗಳು’ ಎಂಬ ಶೀರ್ಷಿಕೆ ಕಾಣುವುದು ಈ ಕಲಮಿನ ಫಲ.

ಜ್ಯೂರಿಯ ಮೌನ

ಹಳೆಯ ಪದ್ಧತಿಯಲ್ಲಿ ಜ್ಯೂರಿ ‘ಅಪರಾಧಿ’ ಅಥವಾ ‘ಅಪರಾಧಿಯಲ್ಲ’ ಎಂದಷ್ಟೇ ಹೇಳುತ್ತಿತ್ತು. 1959ರಲ್ಲಿ ಮುಂಬಯಿಯ ನಾನಾವತಿ ಪ್ರಕರಣದಲ್ಲಿ ಜ್ಯೂರಿಯ ಎಂಟು ಮಂದಿ ಆರೋಪಿಯ ಪರ, ಒಬ್ಬರು ವಿರುದ್ಧ ನಿಂತರು. ಅದನ್ನೊಪ್ಪದ ಸೆಷನ್ಸ್ ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. ಆ ಎಂಟು ಮಂದಿ ಯಾವ ಸಾಕ್ಷಿಯನ್ನು ನಂಬಿದರು, ಏಕೆ ನಂಬಿದರು ಎನ್ನಲು ಒಂದು ಸಾಲೂ ದಾಖಲೆಯಲ್ಲಿರಲಿಲ್ಲ. ಹೀಗಾಗಿ ಹೈಕೋರ್ಟು, ಸೆಷನ್ಸ್ ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ತಿಳಿವಳಿಕೆಯಲ್ಲಿದ್ದ ತಪ್ಪುಗಳನ್ನು ಹುಡುಕಬೇಕಾಯಿತು, ಸಾಕ್ಷ್ಯವನ್ನು ಹೊಸದಾಗಿ ತೂಗಬೇಕಾಯಿತು. ಕಾರಣ ಬರೆಯದ ನಿರ್ಣಯವನ್ನು ತಿದ್ದುವುದೂ ಕಷ್ಟ, ಎತ್ತಿಹಿಡಿಯುವುದೂ ಕಷ್ಟ.

ಶಿಕ್ಷೆಯ ಕಾರಣ

ಕಾರಣ ಕೊಡುವ ಹೊಣೆ ಬರಿಯ ವಿಧಾನದ ವಿಷಯವಲ್ಲ. ಅದು ಯಾವ ಕಡೆ ಬೀಳುತ್ತದೆಯೋ ಅದರ ಎದುರು ಕಡೆಗೆ ಕಾನೂನಿನ ಒಲವಿರುತ್ತದೆ. ಮರಣದಂಡನೆಯ ಚರಿತ್ರೆಯಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ನಿದರ್ಶನ ಬೇರೊಂದಿಲ್ಲ. 1898ರ ಸಂಹಿತೆಯ 367(5)ನೆಯ ಕಲಮಿನಂತೆ, ಮರಣದಂಡನೆಗೆ ಅರ್ಹವಾದ ಅಪರಾಧಕ್ಕೆ ಬೇರೆ ಶಿಕ್ಷೆ ಕೊಡುವ ನ್ಯಾಯಾಧೀಶರು ಗಲ್ಲು ಏಕೆ ಕೊಡಲಿಲ್ಲವೆಂದು ವಿವರಿಸಬೇಕಿತ್ತು. ಅಂದರೆ ಗಲ್ಲೇ ವಾಡಿಕೆ, ಜೀವ ಉಳಿಸುವುದು ಅಪವಾದ. 1955ರ ತಿದ್ದುಪಡಿ ಈ ಷರತ್ತನ್ನು ತೆಗೆದುಹಾಕಿತು. ತಕ್ಕಡಿಯ ಎರಡು ತಟ್ಟೆಗಳೂ ಸಮನಾದವು. 1973ರ ಸಂಹಿತೆಯ 354(3)ನೆಯ ಕಲಮು ತಕ್ಕಡಿಯನ್ನು ಆಚೆ ಕಡೆಗೇ ವಾಲಿಸಿತು. ಜೀವಾವಧಿಗೆ ಕಾರಣ ಸಾಕು, ಮರಣದಂಡನೆಗಾದರೆ ‘ವಿಶೇಷ ಕಾರಣ’ ಬೇಕು. ಕೊಲೆಗೆ ನಿಗದಿಯಾದ ಶಿಕ್ಷೆಗಳು ಈ ಅವಧಿಯುದ್ದಕ್ಕೂ ಮೂಲತಃ ಅವೇ ಆಗಿದ್ದವು. ಬದಲಾದದ್ದು ವಿವರಣೆಯ ಭಾರ ಹೊರಬೇಕಾದ ಆಯ್ಕೆ. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಬಹುಮತ, ಅಪರಾಧದ ಜೊತೆಗೆ ಅಪರಾಧಿಯ ಪರಿಸ್ಥಿತಿಯನ್ನೂ ತೂಗಬೇಕೆಂದು ಹೇಳಿ, ಗಲ್ಲನ್ನು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಅದೇ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಭಿನ್ನಮತದ ಕಾರಣಗಳು ಹೊರಬಿದ್ದದ್ದು ಮಾತ್ರ 1982ರಲ್ಲಿ. ನಿರ್ಣಯ ಮೊದಲು, ಕಾರಣ ಆಮೇಲೆ ಎಂಬ ರೂಢಿಗೆ ಅತ್ಯುನ್ನತ ನ್ಯಾಯಾಲಯವೂ ಹೊರತಲ್ಲ.

ಆಕ್ಷೇಪಗಳು

ನ್ಯಾಯಾಧೀಶರ ಮನಸ್ಸು ಮೊದಲೇ ನಿರ್ಧರಿಸಿರುತ್ತದೆ, ಕಾರಣಗಳು ಆಮೇಲೆ ಹೊದಿಸಿದ ಬಟ್ಟೆ ಎಂಬುದು ಮುಖ್ಯ ಆಕ್ಷೇಪ. ‘ಅಪರೂಪದಲ್ಲಿ ಅಪರೂಪ’ದಂಥ ಮಾತುಗಳು ಎಷ್ಟೋ ತೀರ್ಪುಗಳಲ್ಲಿ ಮಂತ್ರದಂತೆ ಬಂದುಹೋಗುವುದನ್ನು ನೋಡಿದರೆ ಇದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಕಾರಣದ ಬೆಲೆ ಅದು ಬರೆದವರ ಮನಸ್ಸಿಗೆ ಕನ್ನಡಿಯಾಗುವುದರಲ್ಲಿಲ್ಲ, ಬೇರೊಬ್ಬರ ಪರೀಕ್ಷೆಗೆ ಒಳಪಡುವುದರಲ್ಲಿದೆ. ರಾವ್‌ಜಿ ಎಂಬಾತನ ಮರಣದಂಡನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆಗೆ ಪ್ರಸ್ತುತವಾದುದು ಅಪರಾಧದ ಸ್ವರೂಪವೇ ಹೊರತು ಅಪರಾಧಿಯಲ್ಲ ಎಂಬ ನಿಲುವನ್ನು ದಾಖಲಿಸಿತ್ತು. ಆ ವಾಕ್ಯ ದಾಖಲೆಯಲ್ಲಿದ್ದುದರಿಂದಲೇ 2009ರ ಬರಿಯಾರ್ ತೀರ್ಪು, ಇದು ಬಚನ್ ಸಿಂಗ್ ಸೂತ್ರಕ್ಕೆ ವಿರುದ್ಧವೆಂದು ಗುರುತಿಸಿತು. ಅಷ್ಟರಲ್ಲಿ ರಾವ್‌ಜಿಯನ್ನು ಗಲ್ಲಿಗೇರಿಸಿಯಾಗಿತ್ತು. ಬರೆದ ಕಾರಣ ತಪ್ಪನ್ನು ತಡೆಯದೆ ಹೋಗಬಹುದು, ಅಡಗಿಸಲಂತೂ ಬಿಡದು.

ಎಲ್ಲಕ್ಕೂ ಕಾರಣ ಬರೆಯುತ್ತ ಕೂತರೆ ಪ್ರಕರಣಗಳು ಮುಗಿಯವು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಸಂಹಿತೆಯೇ ಉತ್ತರ ಕೊಟ್ಟಿದೆ: ಸಂಕ್ಷಿಪ್ತ ವಿಚಾರಣೆಯಲ್ಲಿ ಕಾರಣಗಳ ಕಿರು ಹೇಳಿಕೆ ಸಾಕು. ಪಣಕ್ಕಿಟ್ಟದ್ದು ದೊಡ್ಡದಾದಷ್ಟೂ ವಿವರಣೆ ಹೆಚ್ಚಬೇಕು. ಖುಲಾಸೆಗೂ ಇದು ಅನ್ವಯ. 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಂತೆ, ಮೇಲ್ಮನವಿ ನ್ಯಾಯಾಲಯ ಇಡೀ ಸಾಕ್ಷ್ಯವನ್ನು ಮತ್ತೆ ತೂಗಬಹುದು; ಆದರೆ ಎರಡು ಅಭಿಪ್ರಾಯಗಳು ಸಮಂಜಸವಾಗಿ ಸಾಧ್ಯವಿದ್ದಾಗ ಖುಲಾಸೆಯನ್ನು ಕದಲಿಸಬಾರದು. ಕೆಳ ನ್ಯಾಯಾಲಯದ ಅಭಿಪ್ರಾಯ ಸಮಂಜಸವೇ ಎಂದು ಅಳೆಯಲು ಅದರ ಕಾರಣಗಳೇ ಮೊದಲ ಆಧಾರ.

ಭಾಷೆ

ತೀರ್ಪಿನ ಅಂತಿಮ ಆದೇಶವನ್ನಷ್ಟೇ ಓದಿದಲ್ಲಿ, ಅದರ ಸಾರವನ್ನು ಆರೋಪಿಗೆ ಅಥವಾ ಆತನ ವಕೀಲರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬ ನಿಯಮವಿದೆ. ಈ ‘ಅಥವಾ’ ಚಿಕ್ಕದಲ್ಲ. ವಕೀಲರಿಗೆ ತಿಳಿದರೆ ನಿಯಮ ಪಾಲನೆಯಾದಂತೆ. ಸೆರೆಮನೆಗೆ ಹೋಗುವವನಿಗೆ ತಿಳಿಯದಿದ್ದರೂ ಸರಿ. ಸೆರೆವಾಸದ ಶಿಕ್ಷೆಗೊಳಗಾದವನಿಗೆ ತೀರ್ಪಿನ ಪ್ರತಿಯೇನೋ ಉಚಿತ. ಆದರೆ ಹೈಕೋರ್ಟಿನ ಭಾಷೆ ಸಂವಿಧಾನದ 348ನೆಯ ವಿಧಿಯಂತೆ ಸಾಮಾನ್ಯವಾಗಿ ಇಂಗ್ಲಿಷ್. ಆದ್ದರಿಂದ ಕನ್ನಡ ಮಾತ್ರ ಬಲ್ಲವನ ಕೈಯಲ್ಲಿ ಕಾರಣಗಳು ಇದ್ದೂ ಇಲ್ಲದಂತಾಗುವ ಸಾಧ್ಯತೆ ಉಳಿದೇ ಇದೆ.